ತೆಳು ಡಾಂಬರು ಪದರ ಜಾರುತ್ತಿದೆಯೇ, ಕಿತ್ತು ಬರುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ರಸ್ತೆಯ ಅಡಿಪಾಯ ಗಟ್ಟಿಯಾಗಿದೆ, ಮೇಲ್ಮೈ ಮಾತ್ರ ಸವೆದಿದೆ ಅನ್ನುವಾಗ ಹಾಕುವುದು ತೆಳು ಪದರ. ಬಿಸಿ ಡಾಂಬರು ಮಿಶ್ರಣವಾದರೆ ಸಾಮಾನ್ಯವಾಗಿ 15ರಿಂದ 40 ಮಿ.ಮೀ. ದಪ್ಪ ಇರುತ್ತದೆ. ತಿರುವು, ಇಳಿಜಾರು, ಸಿಗ್ನಲ್ ಮುಂದಿನ ಜಾಗಗಳಲ್ಲಿ ಇನ್ನೂ ಜಾಸ್ತಿ ಹಿಡಿತ ಬೇಕಾಗುತ್ತದೆ. ಅಲ್ಲಿ ಎಪಾಕ್ಸಿ ರಾಳ ಬಳಿದು, ಅದರ ಮೇಲೆ 1ರಿಂದ 3 ಮಿ.ಮೀ. ಗಾತ್ರದ ಸುಟ್ಟ ಬಾಕ್ಸೈಟ್ ಹರಳು ಉದುರಿಸುವುದೂ ಉಂಟು. ಎರಡರ ಕೆಲಸವೂ ಟೈರಿಗೆ ಹಿಡಿತ ಕೊಡುವುದು, ಕೆಳಗಿನ ರಸ್ತೆಯನ್ನು ಬಿಸಿಲು ಮತ್ತು ಸವೆತದಿಂದ ಕಾಪಾಡುವುದು. ಭಾರ ಹೊರುವುದು ಇವುಗಳ ಕೆಲಸ ಅಲ್ಲ.

ಹಾಗಾಗಿ ದೋಷ ಕಂಡ ಕೂಡಲೇ ಕೇಳಬೇಕಾದ್ದು ಇಷ್ಟು: ತಪ್ಪು ಇರುವುದು ಕಲ್ಲಿನ ಮೈಯಲ್ಲೋ, ಅಂಟಿನಲ್ಲೋ, ಕೆಳಗಿನ ರಸ್ತೆಯಲ್ಲೋ? ಇದು ಗೊತ್ತಾಗುವ ಮುಂಚೆಯೇ ಮೇಲೆ ಇನ್ನೊಂದು ಪದರ ಎಳೆದರೆ ಹಳೆ ದೋಷವೇ ಹೊಸ ದುಡ್ಡಿನಲ್ಲಿ ವಾಪಸ್ ಬರುತ್ತದೆ. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಕಣ್ಣು, ಕೈ, ಸುತ್ತಿಗೆ, ಒಂದಿಷ್ಟು ಮರಳು ಸಾಕು. ಲ್ಯಾಬ್ ಕೊನೆಯಲ್ಲಿ ಬರಲಿ.

ರಸ್ತೆಗೆ ಇಳಿಯುವ ಮುಂಚೆ

ಮೊದಲು ಅಂಚಿನಲ್ಲಿ ನಿಂತು ನೋಡಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೊಳಪು, ತಗ್ಗು, ಬಿರುಕು ಎಲ್ಲ ಎದ್ದು ಕಾಣುತ್ತವೆ. ಮಂಡಿಯೂರಿ ಅಳೆಯುವ ಕೆಲಸ ಇದ್ದರೆ ಲೇನ್ ಮುಚ್ಚಿ, ಕೋನ್ ಇಟ್ಟು, ಹೊಳೆಯುವ ಜಾಕೆಟ್ ಹಾಕಿಕೊಂಡೇ ಇಳಿಯಿರಿ. ಒಬ್ಬರು ಅಳೆಯುವಾಗ ಇನ್ನೊಬ್ಬರ ಕಣ್ಣು ಬರುವ ಗಾಡಿಗಳ ಮೇಲಿರಬೇಕು.

"ಒಂದು ಸಲ ಬ್ರೇಕ್ ಹಾಕಿ ನೋಡೋಣ" ಅನ್ನುವ ಪರೀಕ್ಷೆ ಬೇಡವೇ ಬೇಡ. ಅದರಿಂದ ರಸ್ತೆಯ ಬಗ್ಗೆ ಗೊತ್ತಾಗುವುದು ಕಡಿಮೆ, ಬೀಳುವ ಅಪಾಯ ಜಾಸ್ತಿ.

ಆ ಜಾಗದಲ್ಲಿ ಆಗಲೇ ಗಾಡಿಗಳು ಜಾರಿ ಬಿದ್ದಿವೆಯೇ? ಹಾಗಿದ್ದರೆ ಮೊದಲು ಎಚ್ಚರಿಕೆ ಫಲಕ ಹಾಕಿಸಿ, ವೇಗ ಇಳಿಸುವ ವ್ಯವಸ್ಥೆ ಮಾಡಿಸಿ. ಕಾರಣ ಆಮೇಲೆ ಹುಡುಕಬಹುದು.

ತೇಪೆ ಕೆಲಸ ಮಾಡುವವರು ಗಮನಿಸಿ: ಬಿಸಿ ಡಾಂಬರು ಚರ್ಮಕ್ಕೆ ಅಂಟಿದರೆ ಕೀಳಲು ಹೋಗಬೇಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಅಂಟಿದ್ದು ಅಂಟಿದ ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ.

ಲಕ್ಷಣ: ಮಳೆ ಬಂದರೆ ಜಾರುತ್ತದೆ

ಬರುವ ದೂರುಗಳಲ್ಲಿ ಇದೇ ಮುಖ್ಯವಾದದ್ದು. ಆದರೆ ಇದರ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣಗಳಿರಬಹುದು.

ಯಾವ ಮಳೆಯಲ್ಲಿ ಜಾರುತ್ತದೆ ಎಂದು ಮೊದಲು ವಿಚಾರಿಸಿ. ತುಂಬಾ ದಿನ ಒಣಗಿದ ಮೇಲೆ ಬಂದ ಮೊದಲ ಹನಿಗಳಲ್ಲಿ ಮಾತ್ರ ಜಾರಿ, ಜೋರು ಮಳೆ ಹೊಯ್ದ ಮೇಲೆ ಸರಿಹೋಗುತ್ತದೆಯೇ? ಹಾಗಾದರೆ ಧೂಳು, ಟೈರಿನ ರಬ್ಬರ್, ಎಣ್ಣೆ ಸೇರಿ ಲೋಳೆ ಕಟ್ಟಿದೆ. ರಸ್ತೆ ಗುಡಿಸಿ, ನೀರು ಹಾಯಿಸಿ ತೊಳೆಸಿ. ಪಕ್ಕದಲ್ಲಿ ಮಣ್ಣಿನ ದಾರಿ ಬಂದು ಕೂಡುತ್ತಿದ್ದರೆ ಅಲ್ಲಿಂದ ಕೆಸರು ಬರದಂತೆ ನೋಡಿಕೊಳ್ಳಿ. ಪದರಕ್ಕೆ ಕೈ ಹಾಕುವ ಅಗತ್ಯವೇ ಬರದಿರಬಹುದು.

ಜೋರು ಮಳೆಯಲ್ಲಿ, ಅದೂ ವೇಗವಾಗಿ ಹೋದಾಗ ಮಾತ್ರ ಗಾಡಿ ತೇಲಿದ ಹಾಗೆ ಆಗುತ್ತದೆ ಅಂದರೆ ನಿಂತ ನೀರಿನ ಕಡೆ ನೋಡಿ. ಚಕ್ರದ ಜಾಡಿನ ಮೇಲೆ 3 ಮೀಟರ್ ಉದ್ದದ ನೇರ ಪಟ್ಟಿಯನ್ನು ಅಡ್ಡವಾಗಿ ಇಟ್ಟು, ಕೆಳಗಿನ ಸಂದನ್ನು ಅಳೆಯಿರಿ. ಜಾಡು ತಗ್ಗಾಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಅಡ್ಡ ಇಳಿಜಾರು ಎಷ್ಟಿದೆ ಅನ್ನುವುದನ್ನೂ ನೋಡಿ. ಶೇ. 2ರಿಂದ 2.5ರಷ್ಟು ಇದ್ದರೆ ನೀರು ಅಂಚಿಗೆ ಓಡುತ್ತದೆ. ಅಂಚಿನಲ್ಲಿ ಹುಲ್ಲು, ಮಣ್ಣು ಬೆಳೆದು ತಡೆ ಆಗಿದ್ದರೆ ಸಲಿಕೆ ಹಿಡಿದ ಇಬ್ಬರು ಆಳುಗಳೇ ಅದಕ್ಕೆ ಪರಿಹಾರ.

ನೀರೂ ನಿಲ್ಲುತ್ತಿಲ್ಲ, ಕೊಳೆಯೂ ಇಲ್ಲ, ಆದರೂ ಜಾರುತ್ತದೆ. ಈಗ ಮೇಲ್ಮೈಯನ್ನೇ ಅನುಮಾನಿಸಬೇಕು.

ಟೈರಿಗೆ ಎರಡು ಬಗೆಯ ಒರಟು ಬೇಕು. ಒಂದು ಕಲ್ಲಿನ ಮೈಯದು, ಬೆರಳಿಗೆ ಉಪ್ಪುಕಾಗದದಂತೆ ತಾಗುವ ಸಣ್ಣ ಒರಟು. ಕಡಿಮೆ ವೇಗದಲ್ಲಿ ಕೆಲಸಕ್ಕೆ ಬರುವುದು ಇದೇ. ಇನ್ನೊಂದು ಕಲ್ಲು ಕಲ್ಲುಗಳ ನಡುವಿನ ಸಂದು, ಅಂದರೆ ದೊಡ್ಡ ಒರಟು. ವೇಗ ಹೆಚ್ಚಿದಂತೆ ಟೈರಿನ ಕೆಳಗಿನ ನೀರು ತಪ್ಪಿಸಿಕೊಳ್ಳಲು ಈ ಸಂದೇ ದಾರಿ. ಎರಡರಲ್ಲಿ ಯಾವುದು ಹೋಗಿದೆ ಅನ್ನುವುದರ ಮೇಲೆ ಚಿಕಿತ್ಸೆ ಪೂರ್ತಿ ಬದಲಾಗುತ್ತದೆ.

ಖರ್ಚೇ ಇಲ್ಲದ ಪರೀಕ್ಷೆ ಹೋಲಿಕೆ. ಚಕ್ರದ ಜಾಡು, ಎರಡು ಜಾಡುಗಳ ನಡುವಿನ ಜಾಗ, ಗಾಡಿ ಅಷ್ಟಾಗಿ ಓಡದ ಅಂಚು ಈ ಮೂರನ್ನೂ ಬೆರಳಿನಿಂದ ಸವರಿ. ಅಂಚಿನಲ್ಲಿ ಕಲ್ಲು ಒರಟಾಗಿದ್ದು, ಜಾಡಿನಲ್ಲಿ ಮಾತ್ರ ಗಾಜಿನ ಹಾಗೆ ನುಣ್ಣಗಿದ್ದರೆ ಕಲ್ಲು ಪಾಲಿಶ್ ಆಗಿದೆ. ಜಾಡಿನಲ್ಲಿ ಕಲ್ಲೇ ಕಾಣದೆ ಕಪ್ಪಗೆ ಹೊಳೆಯುತ್ತಿದ್ದರೆ ಡಾಂಬರು ಮೇಲೆದ್ದಿದೆ. ಅದರ ವಿಷಯ ಮುಂದೆ ಇದೆ. ಮೂರೂ ಕಡೆ ಒಂದೇ ಥರ ನುಣುಪಾಗಿದ್ದರೆ ಮೊದಲಿನಿಂದಲೂ ಮಿಶ್ರಣವೇ ಹಾಗಿತ್ತು.

ಆಮೇಲೆ ಮರಳು ಪರೀಕ್ಷೆ. ರಸ್ತೆ ಒಣಗಿರಬೇಕು, ಚೆನ್ನಾಗಿ ಗುಡಿಸಿರಬೇಕು. 25 ಮಿಲಿ ಲೀಟರ್ ಒಣ ನಯ ಮರಳನ್ನು ಒಂದೇ ಕಡೆ ಸುರಿಯಿರಿ. ಅಡಿಗೆ ರಬ್ಬರ್ ಅಂಟಿಸಿದ ಚಪ್ಪಟೆ ಬಿಲ್ಲೆಯಿಂದ ಸುತ್ತ ಸುತ್ತ ಉಜ್ಜುತ್ತಾ ಹರಡಿ. ಮರಳು ಸಂದುಗಳಲ್ಲಿ ಇಳಿದು ಕಲ್ಲಿನ ತುದಿಗೆ ಸಮವಾದಾಗ ನಿಲ್ಲಿಸಿ. ಮೂಡಿದ ವೃತ್ತದ ಅಡ್ಡಳತೆಯನ್ನು ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ವೃತ್ತ 18 ಸೆಂ.ಮೀ. ಇದ್ದರೆ ಸಂದಿನ ಸರಾಸರಿ ಆಳ ಸುಮಾರು 1 ಮಿ.ಮೀ. 25 ಸೆಂ.ಮೀ. ಆದರೆ ಸುಮಾರು 0.5 ಮಿ.ಮೀ. 35 ಸೆಂ.ಮೀ. ತನಕ ಹರಡಿತು ಅಂದರೆ 0.26 ಮಿ.ಮೀ. ಅಷ್ಟೇ. ವೃತ್ತ ದೊಡ್ಡದಾದಷ್ಟೂ ಸಂದು ಕಡಿಮೆ, ಅಷ್ಟೇ ಲೆಕ್ಕ. ಗಾಡಿಗಳು ವೇಗವಾಗಿ ಓಡುವ ರಸ್ತೆಯಲ್ಲಿ 0.5ಕ್ಕಿಂತ ಕೆಳಗೆ ಬಂದರೆ ನಾನಂತೂ ಸುಮ್ನೆ ಬಿಡುವುದಿಲ್ಲ. ನಿಧಾನವಾಗಿ ಓಡಾಡುವ ಒಳರಸ್ತೆಯಲ್ಲಿ ಅಷ್ಟಿದ್ದರೂ ನಡೆಯುತ್ತದೆ, ಕಲ್ಲಿನ ಮೈ ಒರಟಾಗಿದ್ದರೆ. ಒಂದೇ ಜಾಗದ ಅಳತೆ ನಂಬಬೇಡಿ. ಜಾಡಿನಲ್ಲಿ ಐದಾರು ಕಡೆ ಮಾಡಿ. ಗಾಳಿ ಬೀಸುವ ದಿನ ಮರಳು ಹಾರಿಹೋಗಿ ಲೆಕ್ಕ ತಪ್ಪುತ್ತದೆ.

ಸಂದು ಚೆನ್ನಾಗಿದೆ, ಆದರೂ ಜಾರುತ್ತದೆ ಅಂದರೆ ಕಲ್ಲಿನ ಮೈ ಸವೆದಿದೆ. ಉಕ್ಕಿನ ಚಾಕುವಿನಿಂದ ಕಲ್ಲನ್ನು ಗೀರಿ ನೋಡಿ. ಸುಲಭವಾಗಿ ಗೀರು ಬಿದ್ದರೆ ಸುಣ್ಣದಕಲ್ಲಿನಂಥ ಮೆತ್ತನೆ ಜಾತಿ ಇರಬಹುದು. ಟೈರಿನ ಉಜ್ಜಾಟಕ್ಕೆ ಬೇಗ ಪಾಲಿಶ್ ಆಗುವುದು ಇಂಥ ಕಲ್ಲೇ. ಆದರೆ ಗಟ್ಟಿ ಕಲ್ಲೆಲ್ಲ ಒಳ್ಳೆಯದು ಅಂತಲ್ಲ. ಒಂದೇ ಖನಿಜದ ನಯವಾದ ಹರಳಿರುವ ಗಟ್ಟಿ ಕಲ್ಲೂ ಪಾಲಿಶ್ ಆಗುತ್ತದೆ. ಮರಳುಗಲ್ಲಿನ ಕೆಲವು ಜಾತಿಗಳಲ್ಲಿ ಹರಳುಗಳು ಒಂದೊಂದಾಗಿ ಉದುರುತ್ತಾ ಹೊಸ ಒರಟು ಹೊರಬರುತ್ತಲೇ ಇರುತ್ತದೆ. ಹಿಡಿತದ ಮಟ್ಟಿಗೆ ಅಂಥವು ಚಿನ್ನ.

ಇಲ್ಲಿಂದ ಮುಂದೆ ಉಪಕರಣ ಬೇಕು. ಪೆಂಡುಲಮ್ ಯಂತ್ರ ರಬ್ಬರ್ ತುಂಡೊಂದನ್ನು ಒದ್ದೆ ರಸ್ತೆಯ ಮೇಲೆ ಉಜ್ಜಿ ಹಾದು ಅಂಕಿ ಕೊಡುತ್ತದೆ. ಬ್ರಿಟನ್ನಿನ ಹಳೆಯ ಮಾರ್ಗಸೂಚಿಯಲ್ಲಿ ಬಿಗಿ ತಿರುವು, ವೃತ್ತಗಳಂಥ ಕಷ್ಟದ ಜಾಗಕ್ಕೆ 65, ವೇಗದ ಹೆದ್ದಾರಿಗೆ 55, ಉಳಿದ ಕಡೆಗೆ 45 ಕನಿಷ್ಠ ಎಂದಿತ್ತು. ಇವತ್ತಿಗೂ ಎಷ್ಟೋ ಕಡೆ ಈ ಅಂಕಿಗಳನ್ನೇ ಕೈಯಳತೆಯಾಗಿ ಬಳಸುತ್ತಾರೆ. ಪೆಂಡುಲಮ್ ಮುಖ್ಯವಾಗಿ ಹೇಳುವುದು ಕಲ್ಲಿನ ಮೈಯ ಸಣ್ಣ ಒರಟನ್ನು. ಹಾಗಾಗಿ ಅದರ ಅಂಕಿಯನ್ನು ಮರಳು ಪರೀಕ್ಷೆಯ ಜೊತೆಗಿಟ್ಟೇ ಓದಬೇಕು. ಉದ್ದದ ರಸ್ತೆಗೆ ಓಡುತ್ತಲೇ ಅಳೆಯುವ ಗಾಡಿಗಳಿವೆ. ಉದಾಹರಣೆಗೆ, ಸ್ಕ್ರಿಮ್ ಎಂಬ ಗಾಡಿ ತನ್ನ ಪರೀಕ್ಷಾ ಚಕ್ರವನ್ನು 20 ಡಿಗ್ರಿ ಓರೆಯಾಗಿ ಹಿಡಿದು, ಒದ್ದೆ ಮಾಡಿದ ರಸ್ತೆಯ ಮೇಲೆ ಓಡುತ್ತದೆ.

ಸಂದು ಇದೆ, ಕಲ್ಲು ಮಾತ್ರ ನುಣ್ಣಗಾಗಿದೆ ಅಂದರೆ ಉಕ್ಕಿನ ಗುಂಡು ಹೊಡೆಯುವ ಶಾಟ್ ಬ್ಲಾಸ್ಟಿಂಗ್‌ನಿಂದ ಮೈ ಒರಟು ಮಾಡಬಹುದು. ಆದರೆ ಕಲ್ಲಿನ ಜಾತಿ ಬದಲಾಗಿಲ್ಲ ಅಲ್ವಾ? ಅದು ಮತ್ತೆ ಪಾಲಿಶ್ ಆಗುತ್ತದೆ. ಇದನ್ನು ಸಮಯ ಗಳಿಸುವ ಉಪಾಯ ಎಂದೇ ಲೆಕ್ಕ ಹಾಕಿ. ಮುಂದಿನ ಪದರಕ್ಕೆ ಕಲ್ಲು ತರಿಸುವಾಗ ಪಾಲಿಶ್ ನಿರೋಧ ಮೌಲ್ಯದ ಲ್ಯಾಬ್ ವರದಿ ಕೇಳಿ ಪಡೆಯಿರಿ.

ಲಕ್ಷಣ: ಪದರ ಹೊಸದು, ಆಗಲೇ ಹಿಡಿತ ಕಮ್ಮಿ

ಹೊಸ ಪದರದಲ್ಲಿ ಪ್ರತಿ ಕಲ್ಲಿನ ಮೇಲೂ ಡಾಂಬರಿನ ಪೊರೆ ಇರುತ್ತದೆ. ಟೈರಿಗೆ ಕಲ್ಲು ಸಿಗುವುದೇ ಇಲ್ಲ. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಒಣ ರಸ್ತೆಯಲ್ಲೂ ಆ ಪೊರೆ ಕರಗಿ ಜಾರಿಸಬಹುದು. ಗಾಡಿ ಓಡಾಡಿ ಪೊರೆ ಸವೆಯಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಓಡಾಟ ಕಡಿಮೆ ಇದ್ದರೆ ಇನ್ನೂ ತಡ. ದಪ್ಪ ಪೊರೆಯ ಎಸ್‌ಎಂಎ (ದಪ್ಪ ಜಲ್ಲಿಯೇ ಹೆಚ್ಚಿರುವ ಸ್ಟೋನ್ ಮ್ಯಾಸ್ಟಿಕ್ ಆಸ್ಫಾಲ್ಟ್) ಮಿಶ್ರಣದಲ್ಲಿ ಇದು ಜಾಸ್ತಿ. ಅದಕ್ಕೇ ಹಾಕುವಾಗಲೇ, ಪದರ ಬಿಸಿ ಇರುವಾಗ, ಸಣ್ಣ ಹರಳು ಉದುರಿಸಿ ರೋಲರ್ ಓಡಿಸುವ ಪದ್ಧತಿ ಇದೆ.

ಇದಕ್ಕೆ ರಿಪೇರಿ ಬೇಡ. ಫಲಕ ಹಾಕಿ, ವೇಗ ಇಳಿಸಿ, ಕಾಯಿರಿ. ತಿಂಗಳುಗಳು ಕಳೆದ ಮೇಲೂ ಜಾಡಿನಲ್ಲಿ ಕಲ್ಲಿನ ಬಣ್ಣ ಕಾಣದಿದ್ದರೆ ಮುಂದಿನ ಭಾಗಕ್ಕೆ ಬನ್ನಿ.

ಲಕ್ಷಣ: ಬಿಸಿಲಿಗೆ ಕಪ್ಪಗೆ ಹೊಳೆಯುತ್ತದೆ, ಚಪ್ಪಲಿಗೆ ಅಂಟುತ್ತದೆ

ಡಾಂಬರು ಮೇಲೆ ಉಕ್ಕಿದೆ. ಎಲ್ಲೆಲ್ಲಿ ಉಕ್ಕಿದೆ ಎಂದು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಆ ನಕ್ಷೆಯೇ ಅರ್ಧ ಉತ್ತರ ಹೇಳುತ್ತದೆ.

ಜಾಡಿನುದ್ದಕ್ಕೂ ಒಂದೇ ಸಮ ಇದ್ದರೆ ಮಿಶ್ರಣದಲ್ಲಿ ಡಾಂಬರು ಜಾಸ್ತಿ ಬಿದ್ದಿದೆ, ಇಲ್ಲವೇ ಒಳಗೆ ಗಾಳಿ ಸಂದು ತೀರಾ ಕಮ್ಮಿ ಇದೆ. ದಟ್ಟ ಮಿಶ್ರಣದಲ್ಲಿ ಸಂದು ಶೇ. 3ಕ್ಕಿಂತ ಕೆಳಗಿಳಿದರೆ ಬಿಸಿಲಿಗೆ ಹಿಗ್ಗುವ ಡಾಂಬರಿಗೆ ಮೇಲೆ ಬರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಗೆರೆಗೆರೆಯಾಗಿ ಇದ್ದರೆ ಟ್ಯಾಕ್ ಕೋಟ್ (ಹಳೆ ರಸ್ತೆಗೆ ಹೊಸ ಪದರ ಅಂಟಲೆಂದು ಮೊದಲು ಹೊಡೆಯುವ ತೆಳು ಡಾಂಬರು) ಸಿಂಪಡಿಸಿದ ನಾಜಲ್ ನೋಡಿ. ಒಂದು ಕಟ್ಟಿ, ಇನ್ನೊಂದು ಸುರಿದಿರಬಹುದು. ಹಳೆ ಬಿರುಕು ತುಂಬಿದ್ದ ಗೆರೆಗಳ ಮೇಲೋ, ಹಳೆ ತೇಪೆಗಳ ಮೇಲೋ ಮಾತ್ರ ಇದ್ದರೆ ಆ ಹಳೆ ಡಾಂಬರು ಹೊಸ ಪದರವನ್ನು ದಾಟಿ ಮೇಲೆ ಬಂದಿದೆ. ಬಸ್ ನಿಲ್ಲುವ ಕಡೆ, ಲಾರಿ ನಿಲ್ಲುವ ಕಡೆ ಗುಂಡಗೆ ಮೆತ್ತಗಾಗಿದ್ದರೆ ಮೂಸಿ ನೋಡಿ. ಡೀಸೆಲ್ ಸೋರಿ ಡಾಂಬರನ್ನು ಕರಗಿಸಿರುತ್ತದೆ. ಟಿಪ್ಪರ್ ತೊಟ್ಟಿಗೆ ಮಿಶ್ರಣ ಅಂಟದಿರಲಿ ಎಂದು ಡೀಸೆಲ್ ಬಳಿಯುವ ಕೆಟ್ಟ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಆಗಲೂ ಅಲ್ಲಲ್ಲಿ ಇಂಥದೇ ಮೆತ್ತನೆ ಕಲೆಗಳು ಏಳುತ್ತವೆ.

ಸ್ವಲ್ಪ ಉಕ್ಕಿದ್ದರೆ ಬಿಸಿಲೇರಿದ ಹೊತ್ತಿನಲ್ಲಿ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಉದುರಿಸಿ ರೋಲರ್ ಓಡಿಸಿ. ಅಂಟದೆ ಉಳಿದದ್ದನ್ನು ಗುಡಿಸಿ ತೆಗೆಯಿರಿ. ಒಣ ಜಲ್ಲಿಯ ಮೇಲೂ ಬೈಕ್ ಜಾರುತ್ತದೆ ಅನ್ನುವುದು ನೆನಪಿರಲಿ. ಜಾಸ್ತಿ ಉಕ್ಕಿದ್ದರೆ ಹೆಚ್ಚು ಒತ್ತಡದ ನೀರು ಹೊಡೆದು ಡಾಂಬರು ಕೀಳಿಸಬೇಕು, ಇಲ್ಲವೇ ಮಿಲ್ಲಿಂಗ್ ಮಾಡಿ, ಅಂದರೆ ಯಂತ್ರದಿಂದ ಕೆರೆದು, ಪದರವನ್ನೇ ತೆಗೆಯಬೇಕು. ಹಾಗೇ ಇನ್ನೊಂದು ತೆಳು ಪದರ ಮುಚ್ಚಿದರೆ ಕೆಳಗಿನ ಡಾಂಬರು ಅದರೊಳಗೂ ಹತ್ತುತ್ತದೆ.

ಮಳೆಗಾಲದ ನಂತರ ಹೊಸದಾಗಿ ಉಕ್ಕಲು ಶುರುವಾಗಿದ್ದರೆ, ಜೊತೆಗೆ ಆ ಜಾಗ ತಗ್ಗಾಗುತ್ತಿದ್ದರೆ ಕೋರ್ (ರಸ್ತೆ ಕೊರೆದು ತೆಗೆಯುವ ದುಂಡು ತುಂಡು) ತೆಗೆಸಿ. ಕೆಳಗೆ ನೀರು ನಿಂತು ಕಲ್ಲಿನಿಂದ ಡಾಂಬರು ಬಿಟ್ಟುಕೊಂಡು ಮೇಲೆ ಬರುತ್ತಿರಬಹುದು. ಅದು ಮರಳು ಉದುರಿಸಿ ವಾಸಿಯಾಗುವ ಕಾಯಿಲೆ ಅಲ್ಲ.

ಲಕ್ಷಣ: ಜಲ್ಲಿ ಕಿತ್ತು ಬರುತ್ತಿದೆ, ಅಂಚಿನಲ್ಲಿ ಕಲ್ಲು ಗುಡ್ಡೆ ಬೀಳುತ್ತಿದೆ

ತೆಳು ಪದರದ ದೊಡ್ಡ ಶತ್ರು ತಂಪು. ದಪ್ಪ ಪದರ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 25 ಮಿ.ಮೀ. ಪದರ ತಣ್ಣನೆ ರಸ್ತೆಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆರುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ರೋಲರ್ ಎಷ್ಟು ಸಲ ಓಡಿದರೂ ಪದರ ಕೂರುವುದಿಲ್ಲ. ಕೂರದ ಪದರದಲ್ಲಿ ಸಂದು ಉಳಿಯುತ್ತದೆ, ನೀರು ನುಗ್ಗುತ್ತದೆ, ಕಲ್ಲು ಏಳುತ್ತದೆ. ಹಾಗಾಗಿ ಕಲ್ಲು ಎದ್ದಿದೆ ಅಂದ ತಕ್ಷಣ ಡಾಂಬರಿನ ಗುಣಮಟ್ಟವನ್ನು ಬೈಯುವ ಮುಂಚೆ, ಆ ದಿನದ ಹವೆ, ಮಿಶ್ರಣದ ಉಷ್ಣತೆ, ರೋಲರ್ ಮಿಶ್ರಣ ಹರಡುವ ಯಂತ್ರವಾದ ಪೇವರ್‌ನಿಂದ ಎಷ್ಟು ಹಿಂದಿತ್ತು ಎಂಬ ದಾಖಲೆ ತೆಗೆಸಿ ನೋಡಿ.

ಕಲ್ಲು ಎದ್ದ ಜಾಗಗಳ ನಡುವಿನ ಅಂತರವನ್ನು ಹೆಜ್ಜೆ ಹಾಕಿ ಅಳೆಯಿರಿ. ಹೆಚ್ಚುಕಮ್ಮಿ ಒಂದೇ ಅಂತರಕ್ಕೆ ಮತ್ತೆ ಮತ್ತೆ ಬಂದರೆ ಅದು ಒಂದು ಟಿಪ್ಪರ್ ಮುಗಿದು ಇನ್ನೊಂದು ಬರುವ ಹೊತ್ತಿನ ಜಾಗ. ತೊಟ್ಟಿಯ ಕೊನೆಗೆ ಉಳಿದ ತಣ್ಣನೆ, ದಪ್ಪ ಜಲ್ಲಿ ಅಲ್ಲಿ ಬಿದ್ದಿರುತ್ತದೆ. ಎರಡು ಲೇನ್ ಕೂಡುವ ಗೆರೆಯುದ್ದಕ್ಕೂ ಎದ್ದಿದ್ದರೆ ಜಾಯಿಂಟ್ ಸರಿಯಾಗಿ ಒತ್ತಿಲ್ಲ. ಇಡೀ ಉದ್ದಕ್ಕೂ ಎದ್ದಿದ್ದರೆ ಮಾತ್ರ ಮಿಶ್ರಣದ ಕಡೆ ಬನ್ನಿ.

ಎದ್ದ ಕಲ್ಲೊಂದನ್ನು ಕೈಗೆತ್ತಿಕೊಂಡು ನೋಡಿ. ಸುತ್ತಲೂ ಡಾಂಬರು ಮೆತ್ತಿಕೊಂಡೇ ಇದ್ದರೆ ಡಾಂಬರು ಪೆಡಸಾಗಿ ಮುರಿದಿದೆ, ಇಲ್ಲವೇ ಒತ್ತಡ ಸಾಲದೆ ಕಲ್ಲು ಸಡಿಲವಾಗಿತ್ತು. ಕಲ್ಲು ಬೋಳಾಗಿ, ತೊಳೆದಂತೆ ಇದ್ದರೆ ಡಾಂಬರು ಕಲ್ಲನ್ನು ಬಿಟ್ಟಿದೆ. ಕಾರಣ ನೀರು ಅಥವಾ ಕಲ್ಲಿನ ಮೇಲಿದ್ದ ಪುಡಿ. ಖಚಿತ ಮಾಡಿಕೊಳ್ಳಲು ಲ್ಯಾಬಿನಲ್ಲಿ ಡಾಂಬರು ಮೆತ್ತಿದ ಜಲ್ಲಿಯನ್ನು 10 ನಿಮಿಷ ಕುದಿಸಿ, ಎಷ್ಟು ಬಿಟ್ಟಿತು ಎಂದು ನೋಡುತ್ತಾರೆ. ಬಿಡುವ ಸ್ವಭಾವದ ಕಲ್ಲಾದರೆ ಮುಂದಿನ ಸಲ ಮಿಶ್ರಣಕ್ಕೆ ಶೇ. 1ರಿಂದ 1.5ರಷ್ಟು ಅರಳಿದ ಸುಣ್ಣದ ಪುಡಿಯನ್ನೋ, ಅಂಟು ಬಿಡದಂತೆ ತಡೆಯುವ ದ್ರಾವಣವನ್ನೋ ಸೇರಿಸಬೇಕು.

ಒಂದು ಬಾಟಲಿ ನೀರು ಸುರಿದು ನೋಡುವುದೂ ಒಳ್ಳೆಯ ಉಪಾಯ. ದಟ್ಟ ಮಿಶ್ರಣದಲ್ಲಿ ನೀರು ಬೇಗ ಇಂಗಿಹೋದರೆ ಸಂದು ಜಾಸ್ತಿ ಇದೆ, ಶೇ. 8 ದಾಟಿದ್ದರೆ ನೀರಿಗೆ ಒಳದಾರಿಗಳು ಸಿಕ್ಕ ಹಾಗೆ. ಆದರೆ ನೀರು ಒಳಗೆ ಹರಿಯಲೆಂದೇ ಮಾಡಿದ ತೆರೆದ ಮಿಶ್ರಣಗಳೂ ಇವೆ. ಅಲ್ಲಿ ನೀರು ಇಂಗದಿದ್ದರೇ ದೋಷ. ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ.

ಅಲ್ಲಲ್ಲಿ ಎದ್ದಿದ್ದರೆ ಸಡಿಲ ಕಲ್ಲು ಗುಡಿಸಿ ಆ ಜಾಗಕ್ಕೆ ತೇಪೆ ಹಾಕಿ. ತೆಳ್ಳಗೆ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಸಿಂಪಡಿಸಿ ಕಲ್ಲು ಹಿಡಿಸುವ ಉಪಾಯವೂ ಇದೆ. ಆದರೆ ಹಿಡಿತಕ್ಕಾಗಿಯೇ ಹಾಕಿದ ಪದರದ ಮೇಲೆ ಇದನ್ನು ಮಾಡುವಾಗ ಹುಷಾರು. ಸಿಂಪಡಿಸಿದ್ದು ಸ್ವಲ್ಪ ಜಾಸ್ತಿಯಾದರೂ ಕಲ್ಲು ಉಳಿದು ಹಿಡಿತ ಹೋಗುತ್ತದೆ. ಸಿಂಪಡಿಸಿದ ಮೇಲೆ ಪೆಂಡುಲಮ್ ಹಿಡಿದು ನೋಡದೆ ರಸ್ತೆ ಬಿಡಬೇಡಿ.

ಲಕ್ಷಣ: ಪದರ ಹಾಳೆ ಹಾಳೆಯಾಗಿ ಏಳುತ್ತಿದೆ, ಗುಂಡಿಯ ತಳ ಚಪ್ಪಟೆಯಾಗಿದೆ

ಗುಂಡಿಯ ಆಳ ಪದರದ ದಪ್ಪಕ್ಕೇ ಸಮವಾಗಿದ್ದು, ತಳದಲ್ಲಿ ಹಳೆ ರಸ್ತೆ ಗಟ್ಟಿಯಾಗಿ ಕಾಣುತ್ತಿದ್ದರೆ ಅನುಮಾನವೇ ಬೇಡ, ಅಂಟು ಬಿಟ್ಟಿದೆ. ಬ್ರೇಕ್ ಹಿಡಿಯುವ ಜಾಗಗಳಲ್ಲಿ ಅರ್ಧಚಂದ್ರದಂಥ ಬಿರುಕುಗಳು ಕಂಡರೂ ಅದೇ ಅರ್ಥ. ಪದರ ಕೆಳಗಿನ ರಸ್ತೆಯ ಮೇಲೆ ಜಾರುತ್ತಿದೆ.

ಎಷ್ಟು ದೂರ ಬಿಟ್ಟಿದೆ ಎಂದು ತಿಳಿಯಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಇಲ್ಲವೇ ಸರಪಳಿ ಎಳೆಯಿರಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ. ಕಣ್ಣಿಗೆ ಕಾಣುವ ಗುಂಡಿಗಿಂತ ಟೊಳ್ಳು ಜಾಗ ಬಹಳ ದೊಡ್ಡದಿರುವುದೇ ಹೆಚ್ಚು. ತೇಪೆ ಹಾಕುವಾಗ ಈ ಗೆರೆಯ ತನಕ ಕತ್ತರಿಸಬೇಕು.

ಎದ್ದ ಹಾಳೆಯನ್ನು ಮಗುಚಿ ನೋಡಿ. ಅಡಿಯಲ್ಲಿ ಬೂದು ಪುಡಿ ಮೆತ್ತಿದ್ದರೆ ಮಿಲ್ಲಿಂಗ್ ಪುಡಿಯನ್ನು ಸರಿಯಾಗಿ ಗುಡಿಸದೆ ಟ್ಯಾಕ್ ಕೋಟ್ ಹೊಡೆದಿದ್ದಾರೆ. ಕಂದು ಬಣ್ಣ ಉಳಿದಿದ್ದರೆ ಎಮಲ್ಷನ್ ಒಡೆದು ಕಪ್ಪಾಗುವ ಮುಂಚೆಯೇ ಮಿಶ್ರಣ ಹಾಕಿದ್ದಾರೆ. ಸುಮಾರು ಟಿಪ್ಪರ್ ಚಕ್ರದ ಅಗಲಕ್ಕೆ ಎರಡು ಸಾಲುಗಳಲ್ಲಿ ಮಾತ್ರ ಎದ್ದಿದ್ದರೆ ಟ್ಯಾಕ್ ಕೋಟ್ ಟಿಪ್ಪರ್ ಟೈರಿಗೆ ಅಂಟಿ ಹೊರಟುಹೋಗಿದೆ. ಇದನ್ನು ಕಂಡುಹಿಡಿದಾಗ ಮೇಸ್ತ್ರಿಗಳು ನಂಬುವುದಿಲ್ಲ. ಟೇಪ್ ಹಿಡಿದು ತೋರಿಸಬೇಕು.

ಸಣ್ಣ ಜಾಗವಾದರೆ ಕತ್ತರಿಸಿ, ಗುಡಿಸಿ, ಒಣಗಿಸಿ, ಟ್ಯಾಕ್ ಕೋಟ್ ಕಪ್ಪಾಗುವ ತನಕ ಕಾದು ತುಂಬಿ. ಟೊಳ್ಳು ಜಾಗ ಕೈ ಮೀರಿ ಹರಡಿದ್ದರೆ ತೇಪೆ ನಿಲ್ಲಿಸಿ. ಕೋರ್ ತೆಗೆಸಿ, ಅಂಟಿನ ಬಲ ಪರೀಕ್ಷಿಸಲು ಲ್ಯಾಬಿಗೆ ಕಳಿಸಿ. ಆ ಜಾಗದಲ್ಲಿ ಪದರವನ್ನು ಪೂರ್ತಿ ಕೆರೆದು ಹಾಕುವುದೇ ಕೊನೆಗೆ ಅಗ್ಗವಾಗಬಹುದು.

ಲಕ್ಷಣ: ಬಿರುಕು

ನೇರ ಬಿರುಕು, ಅದೂ ಹಳೆ ರಸ್ತೆಯ ಬಿರುಕು ಅಥವಾ ಕಾಂಕ್ರೀಟ್ ಜಾಯಿಂಟ್ ಇದ್ದ ಜಾಗದಲ್ಲೇ ಬಂದಿದ್ದರೆ ಕೆಳಗಿನದು ಮೇಲೆ ಮೂಡಿದೆ. ತೆಳು ಪದರ ಅದನ್ನು ತಡೆಯಲಾರದು, ಸ್ವಲ್ಪ ತಡ ಮಾಡುತ್ತದೆ ಅಷ್ಟೇ. ಬಿರುಕು ತುಂಬಿಸಿ ನೀರು ಇಳಿಯದಂತೆ ನೋಡಿಕೊಂಡರೆ ಸಾಕು.

ಮೊಸಳೆ ಚರ್ಮದಂಥ ಬಿರುಕು ಜಾಡಿನಲ್ಲಿ ಕಂಡರೆ, ಮಳೆ ನಿಂತ ಮೇಲೆ ಬಿರುಕಿನ ಬಾಯಲ್ಲಿ ಕೆಸರು ಅಥವಾ ಬಿಳಿ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಅಡಿಪಾಯ ಕುಸಿಯುತ್ತಿದೆ. ಈ ಜಾಗಕ್ಕೆ ತೆಳು ಪದರ ಆರಿಸಿದ್ದೇ ತಪ್ಪು. ರಸ್ತೆಯ ಬಲ ಅಳೆಯುವ ಎಂಜಿನಿಯರನ್ನು ಕರೆಸಿ.

ಲಕ್ಷಣ: ರಾಳದ ಪದರದ ಹರಳು ಉದುರುತ್ತಿದೆ, ಅಥವಾ ಚಕ್ಕೆ ಏಳುತ್ತಿದೆ

ಹಾಕಿದ ಮೊದಲ ದಿನಗಳಲ್ಲಿ ಹೆಚ್ಚುವರಿ ಹರಳು ಉದುರುವುದು ಸಹಜ. ಗುಡಿಸಿ ತೆಗೆಯುತ್ತಿರಿ. ಆಮೇಲೂ ಉದುರಿ, ರಾಳದಲ್ಲಿ ಹರಳು ಕೂತಿದ್ದ ಸಣ್ಣ ಸಣ್ಣ ಗುಳಿ ಮಾತ್ರ ಉಳಿದಿದ್ದರೆ ರಾಳ ಗಟ್ಟಿಯಾಗಲು ಶುರುವಾದ ಮೇಲೆ ಹರಳು ಬಿದ್ದಿದೆ, ಇಲ್ಲವೇ ರಾಳವೇ ತೆಳ್ಳಗಿತ್ತು. ಉಗುರಿಗೆ ಮೆತ್ತಗೆ ತಾಗಿದರೆ ಬೆರೆಸುವ ಎರಡು ಭಾಗಗಳ (ರಾಳ ಮತ್ತು ಅದನ್ನು ಗಟ್ಟಿ ಮಾಡುವ ದ್ರವ) ಪ್ರಮಾಣ ತಪ್ಪಿದೆ, ಅಥವಾ ಚಳಿಗೆ ಗಟ್ಟಿಯಾಗಿಲ್ಲ. ಗಟ್ಟಿಯಾಗದ ರಾಳವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಅಲರ್ಜಿ ಹಿಡಿಸುತ್ತದೆ.

ಚಕ್ಕೆ ಎದ್ದಿದ್ದರೆ ಅದರ ಬೆನ್ನು ನೋಡಿ. ಬರೀ ರಾಳ ಹೊಳೆಯುತ್ತಿದ್ದರೆ ಹಾಕುವಾಗ ರಸ್ತೆಯಲ್ಲಿ ತೇವ, ಎಣ್ಣೆ ಅಥವಾ ಧೂಳು ಇತ್ತು. ಆ ಜಾಗವನ್ನು ಶಾಟ್ ಬ್ಲಾಸ್ಟ್ ಮಾಡಿ, ಒಣಗಿಸಿ ಮತ್ತೆ ಹಾಕಬಹುದು. ಕೆಳಗಿನ ಡಾಂಬರು ಹೊಸದಾಗಿದ್ದರೆ ಸುಮಾರು 30 ದಿನ ಬಿಟ್ಟು ರಾಳ ಹಾಕುವುದು ರೂಢಿ. ಅಷ್ಟು ಕಾಯದೆ ಹಾಕಿದ್ದರೂ ಪೊರೆಯ ಮೇಲಿನ ಎಣ್ಣೆ ಜಿಡ್ಡಿಗೆ ಅಂಟು ಹಿಡಿಯುವುದಿಲ್ಲ.

ಚಕ್ಕೆಯ ಬೆನ್ನಿಗೆ ಹಳೆ ಡಾಂಬರು, ಜಲ್ಲಿ ಸಮೇತ ಕಿತ್ತು ಬಂದಿದ್ದರೆ ರಾಳದ ತಪ್ಪು ಏನೂ ಇಲ್ಲ. ರಾಳ ಹಿಡಿದಿದೆ, ಕೆಳಗಿನ ಡಾಂಬರು ಸೋತಿದೆ. ಅದೇ ಡಾಂಬರಿನ ಮೇಲೆ ಎರಡನೇ ಸಲ ರಾಳ ಹಾಕಿಸಬೇಡಿ. ಮೊದಲು ಆ ಜಾಗದಲ್ಲಿ ಕೋರ್ ತೆಗೆಸಿ, ಎಷ್ಟು ಆಳದ ತನಕ ಡಾಂಬರು ಸಡಿಲವಾಗಿದೆ ಎಂದು ನೋಡಿ. ಅಷ್ಟನ್ನು ಮಿಲ್ಲಿಂಗ್ ಮಾಡಿ ತೆಗೆಸಿ ಹೊಸ ಡಾಂಬರು ತುಂಬಿದ ಮೇಲೆ, ಮತ್ತೆ ಆ 30 ದಿನ ಕಾದು ರಾಳದ ಕೆಲಸಕ್ಕೆ ಕೈ ಹಾಕಿ.